ಗುರುಸಂಗಪ್ಪನವರ ಕಾಟಾ

ನನ್ನ ತೂಕ ಎಷ್ಟೆಂದು ನನಗಿಂತ ಮೊದಲು ಗೊತ್ತಾಗುವುದು ನೂಲಿನ ಅಂಗಡಿಯ ಗುರುಸಂಗಪ್ಪ ಸಾವಕಾರರಿಗೆ. ಗಜೇಂದ್ರಗಡದ ಪೇಟೆಯಲ್ಲಿ ನೇಕಾರರಿಗೆ ನೂಲು ಕೊಟ್ಟು ಸೀರೆ ತಗೊಳ್ಳುವ ಅಂಗಡಿ ಅವರದು. ಅಲ್ಲಿ ಎಲ್ಲವೂ ತೂಕದ ಮೇಲೆ. ಇಷ್ಟು ನೂಲು ಹೋದರೆ ಇಷ್ಟು ತೂಕದ ಸೀರೆ ಬರಬೇಕು. ಕಡಿಮೆ ಬಿದ್ದರೆ ನೂಲು ಎಲ್ಲಿ ಹೋಯಿತು ಎನ್ನುತ್ತಾರೆ, ಹೆಚ್ಚಾದರೆ ಗಂಜಿ ಬಹಳ ಹಾಕಿದೆಯಾ ಎನ್ನುತ್ತಾರೆ. ಹಾಗೆ ಕೊಟ್ಟು ತಗೊಂಡೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಹೀಗಾಗಿ ಹುಬ್ಬಳ್ಳಿಯ ದವಾಖಾನೆಯವರು ಮನೆಯಲ್ಲಿಟ್ಟುಕೊಳ್ಳಿ ಎಂದು ಹೇಳಿದ ಗಾಜಿನ ತೂಕದ ಯಂತ್ರವನ್ನು ನಾನು ನಂಬಲಿಲ್ಲ. ಸೋಮವಾರ ಬಂತೆಂದರೆ ಪೇಟೆಗೆ ಹೋಗಿ, ನೂಲಿನ ಗಂಟು ಇಡುವ ಕಬ್ಬಿಣದ ಕಾಟಾದ ಮೇಲೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದೆ. ಸಾವಕಾರರು ಕನ್ನಡಕ ಏರಿಸಿ, ನೂಲಿನ ತೂಕ ಕೂಗುವ ಧ್ವನಿಯಲ್ಲೇ ನನ್ನದನ್ನೂ ಕೂಗುತ್ತಿದ್ದರು.

ನಾನು ಹೊಳೆವ್ವ. ತವರು ಮೆಣಸಗಿ. ಹೊಳೆ ಮನೆಯೊಳಗೆ ನುಗ್ಗಿದ ವರ್ಷ ಹುಟ್ಟಿದ್ದಕ್ಕೆ ಆ ಹೆಸರು. ಕೊಟ್ಟದ್ದು ಗಜೇಂದ್ರಗಡಕ್ಕೆ. ಲಾಳಿ ಹಿಡಿಯಲು ಬಾರದೆ ಬಂದವಳನ್ನು ಅತ್ತೆ ತನ್ನ ಮಗ್ಗದಲ್ಲಿ ಕೂರಿಸಿ ಕಲಿಸಿದಳು. ಕುಣಿಮಗ್ಗ ಅದು. ಮುಂದಿನ ಖೋಲಿಯ ನೆಲದಲ್ಲಿ ಒಂದು ಕುಣಿ. ಗೋಡೆಗೆ ಬೆನ್ನು ಮಾಡಿ ಅದರ ಅಂಚಿಗೆ ಕೂತು, ಕಾಲು ಕೆಳಗೆ ಬಿಟ್ಟು ಹಲಗೆ ತುಳಿಯಬೇಕು. ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರದ ದಿಂಡು ಹೊಟ್ಟೆಯ ಮುಂದೆಯೇ ಅಡ್ಡಲಾಗಿ ಇರುತ್ತದೆ. ಅತ್ತೆ ಹೋದ ಮೇಲೆ ಮಗ್ಗ ನನ್ನದಾಯಿತು. ಆ ಮನೆಯಲ್ಲಿ ಇದು ನನ್ನದು ಎಂದು ಎದೆ ತಟ್ಟಿ ಹೇಳುವಂಥದ್ದು ಅದೊಂದೇ.

ಆಮೇಲೆ ಮೈ ಬಂತು. ವರ್ಷ ವರ್ಷ ಬಂತು. ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಸೀರೆಯ ಸೆರಗು ನೇಯುತ್ತಿದ್ದವಳು ಏಳಲು ಹೋದರೆ ಏಳಲಾಗಲಿಲ್ಲ. ಹಿಂದೆ ಗೋಡೆ, ಮುಂದೆ ದಿಂಡು, ನಡುವೆ ನಾನು. ಒಂದು ಕೈ ನಮ್ಮವರು ಹಿಡಿದರು, ಇನ್ನೊಂದು ಕೈ ಪಕ್ಕದ ಮನೆಯ ರಾಜಮಾ ಹಿಡಿದಳು. ಎಳೆದಷ್ಟೂ ನನಗೆ ಅಳು ಬಂತು. ಅಷ್ಟರಲ್ಲಿ ಅರ್ಧ ಓಣಿ ಬಾಗಿಲಲ್ಲಿ ನೆರೆದಿತ್ತು. ಕೊನೆಗೆ ಅರ್ಧ ನೇಯ್ದ ಸೆರಗನ್ನು ಕತ್ತರಿಸಿ ದಿಂಡು ಬಿಚ್ಚಿದಾಗಲೇ ನಾನು ಹೊರಗೆ ಬಂದದ್ದು. ಮರುದಿನ ಆ ಕತ್ತರಿಸಿದ ಸೀರೆಯನ್ನು ಸಾವಕಾರರಿಗೆ ಒಪ್ಪಿಸಲು ಹೋದವಳು, ಸಿಟ್ಟಿನಲ್ಲಿ ನನ್ನನ್ನೂ ತೂಗಿರಿ ಎಂದು ಕಾಟಾ ಹತ್ತಿದೆ. ತೊಂಬತ್ತೊಂದು ಎಂದರು. ಆ ಸಂಖ್ಯೆ ನನ್ನ ಕಿವಿಯಲ್ಲಿ ಮೊಳೆ ಹೊಡೆದಂತೆ ಕೂತುಬಿಟ್ಟಿತು.

ಆವತ್ತಿನಿಂದ ಮಗ್ಗದಲ್ಲಿ ಕೂರಲಿಲ್ಲ. ಕುಣಿಯಲ್ಲಿ ಹಳೆ ಕೌದಿ, ಕೆಟ್ಟ ಫ್ಯಾನು, ಉಳ್ಳಾಗಡ್ಡಿ ಬುಟ್ಟಿ ತುಂಬಿಕೊಂಡವು. ನಾನು ನೂರಾ ಹದಿನೆಂಟು ಮುಟ್ಟಿದೆ. ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಕೈಕೊಟ್ಟವು. ಹೊಟ್ಟೆಯನ್ನೇ ಸಣ್ಣದು ಮಾಡುವ ಆಪರೇಷನ್ ಇದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದಾಗ ಕೇಳಿದವರೆಲ್ಲ ಹೆದರಿಸಿದರು. ನಾನು ಒಪ್ಪಿದೆ. ಸಕ್ಕರೆಗೆಂದು ಎಲ್ಲರಿಗೂ ಹೇಳಿದೆ. ಖರೇ ಹೇಳಬೇಕೆಂದರೆ ಒಪ್ಪಿದ್ದು ಮಗ್ಗಕ್ಕಾಗಿ.

ಆಪರೇಷನ್ ಆಗಿದ್ದು ದೀಪಾವಳಿ ಕಳೆದ ಮೇಲೆ. ಶುರುವಿನಲ್ಲಿ ಹಸಿವು ಎನ್ನುವುದೇ ಇರಲಿಲ್ಲ. ಒಂದು ವಾಟಿ ಬೇಳೆ ಕಟ್ಟು ಕುಡಿದರೆ ಮದುವೆ ಊಟ ಮಾಡಿದಂತಾಗುತ್ತಿತ್ತು. ಕಾಟಾದ ಮೇಲೆ ನಿಂತಾಗಲೆಲ್ಲ ಸಾವಕಾರರು ಇಳಿದಿದೆ ಎನ್ನುವವರು. ದಿನಾ ಸಂಜೆ ಕೋಟೆಯ ಗುಡ್ಡದ ಬುಡದವರೆಗೆ ನಡೆದು ಬರುತ್ತಿದ್ದೆ. ಮೊಣಕಾಲು ಸುಮ್ಮನಾದವು, ಗುಳಿಗೆ ಕಡಿಮೆಯಾದವು. ನಾನು ಬೀಗಿದ್ದೂ ನಿಜ. ಯುಗಾದಿಯ ಹೊತ್ತಿಗೆ ಎಂಬತ್ತಕ್ಕೆ ಬಂದು ಮಗ್ಗದಲ್ಲಿ ಕೂರುತ್ತೇನೆ ಎಂದು ಓಣಿಗೆಲ್ಲ ಸಾರಿದ್ದೆ.

ಯುಗಾದಿಯೂ ಬಂತು, ತೊಂಬತ್ತೊಂದೂ ಬಂತು. ಅಲ್ಲಿಗೆ ನಿಂತಿತು. ಮುಂದಿನ ಸೋಮವಾರ ತೊಂಬತ್ತೊಂದು, ಅದರ ಮುಂದಿನದಕ್ಕೂ ಅದೇ. ಬೇರೆ ಯಾವ ಸಂಖ್ಯೆಯ ಮೇಲೆ ನಿಂತಿದ್ದರೂ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲವೇನೋ. ಯಾವ ತೂಕಕ್ಕೆ ನನ್ನನ್ನು ಸೆರಗು ಕತ್ತರಿಸಿ ಹೊರಗೆ ತೆಗೆದಿದ್ದರೋ ಅದೇ ತೂಕ. ಒಮ್ಮೆ ಕೂತು ನೋಡಬಾರದೇ ಎಂದು ರಾಜಮಾ ಎರಡು ಮೂರು ಸಲ ಕೇಳಿದಳು. ಮತ್ತೆ ಓಣಿ ಸೇರಿಸಲೇನು ಎಂದು ಅವಳ ಮೇಲೆ ಹರಿಹಾಯ್ದೆ.

ಅದೇ ಹೊತ್ತಿಗೆ ಬಾಯಿ ಚಪಲ ತಿರುಗಿ ಬಂತು. ಹಸಿವಲ್ಲ, ಚಪಲ. ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿಯ ಎಣ್ಣೆ ಕಾಯುವ ವಾಸನೆ ಬಂದರೆ ಕಾಲು ತಾವಾಗಿ ಆ ಕಡೆ ತಿರುಗುತ್ತಿದ್ದವು. ಸಿಹಿಯ ಪಾಠ ಮಾತ್ರ ನನಗೆ ಆಗಿತ್ತು: ರಂಜಾನಿಗೆ ರಾಜಮಾ ಕೊಟ್ಟ ಹಾಲು ಶಾವಿಗೆಯ ಸುರಕುಂಬಾ ನಾಲ್ಕು ಚಮಚ ಕುಡಿದು, ಬೆವರಿ, ಎದೆ ಹೊಡೆದುಕೊಂಡು, ಅವಳ ಮನೆಯ ಚಾಪೆಯ ಮೇಲೆಯೇ ಬಿದ್ದುಕೊಂಡಿದ್ದೆ. ಭಜಿಗೆ ದವಾಖಾನೆಯವರ ಹೆದರಿಕೆ. ಹಾಗಾಗಿ ನಾನು ಬಹಳ ಶಾಣ್ಯಾಳಂತೆ ಚುರುಮುರಿ ಹಿಡಿದೆ.

ಯಾಕೆಂದರೆ ಚುರುಮುರಿಗೆ ತೂಕವೇ ಇಲ್ಲ. ಆಳೆತ್ತರದ ಚೀಲವನ್ನು ಒಂದೇ ಕೈಯಲ್ಲಿ ಎತ್ತಬಹುದು. ತೂಕ ಇಲ್ಲದ್ದನ್ನು ತಿಂದರೆ ತೂಕ ಹೇಗೆ ಏರೀತು? ನೂಲು ಒಳಗೆ ಹೋದಷ್ಟೇ ಸೀರೆ ಹೊರಗೆ ಬರುವ ಕಸುಬಿನವಳ ಲೆಕ್ಕ ಇದು. ಡಬ್ಬಿ ತುಂಬಿಟ್ಟುಕೊಂಡೆ. ಹೋಗುತ್ತ ಒಂದು ಹಿಡಿ, ಬರುತ್ತ ಒಂದು ಹಿಡಿ. ಹುರಿದ ಶೇಂಗಾ, ಒಂದಿಷ್ಟು ಖಾರ. ಸಂಜೆಯಾದರೆ ಡಬ್ಬಿ ಖಾಲಿ. ಒಂದು ರೊಟ್ಟಿ ಮುಗಿಸಲಾಗದ ಹೊಟ್ಟೆಗೆ ಒಂದು ಡಬ್ಬಿ ಚುರುಮುರಿ ಹೇಗೆ ಹಿಡಿಯುತ್ತದೆ ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ.

ಹೊಳೆಯಿಸಿದವಳು ಶ್ವೇತಾ. ದವಾಖಾನೆಯಲ್ಲಿ ಊಟ ತಿಂಡಿ ಹೇಳಿಕೊಡುವ ಹುಡುಗಿ. ತೂಕ ನಿಂತಿದೆ, ಆಪರೇಷನ್ ಕೆಟ್ಟಿದೆ ಎಂದು ನಾನು ಫೋನಿನಲ್ಲಿ ಜಗಳಕ್ಕೇ ನಿಂತಿದ್ದೆ. ಬೆಳಗ್ಗಿನಿಂದ ಬಾಯಿಗೆ ಹಾಕಿದ್ದನ್ನೆಲ್ಲ ಹೇಳಿ ಎಂದಳು. ಹೇಳಿದೆ. ಕೊನೆಯಲ್ಲಿ, ಲೆಕ್ಕಕ್ಕಿಲ್ಲ ಎನ್ನುವಂತೆ, ಚುರುಮುರಿಯನ್ನೂ ಹೇಳಿದೆ. ಅವಳು ನಕ್ಕಿರಬೇಕು, ಆದರೆ ನನಗೆ ಕೇಳಿಸದಂತೆ ನಕ್ಕಳು.

"ಹೊಳೆವ್ವಾರ, ಚುರಮರಿ ಹೊಟ್ಟ್ಯಾಗ ನಿಲ್ಲಂಗಿಲ್ರಿ, ಜಾರಿ ಹೋಗತೈತಿ," ಎಂದಳು. "ಅದಕ್ಕ ಹೊಟ್ಟಿ ತುಂಬಂಗಿಲ್ಲ, ಕೈ ನಿಲ್ಲಂಗಿಲ್ಲ. ಬೇಕನಿಸಿದಾಗ ಒಂದೀಟು ನೀರು ಕುಡದು ತಡೀರಿ. ಕೇಳೂದು ಬಾಯೋ ಹೊಟ್ಟಿಯೋ ನೋಡ್ರಿ. ಹೊಟ್ಟಿ ಕೇಳಿದ್ರ ಮೊದಲ ಕಾಳು, ಮೊಸರು."

ಇನ್ನೂ ಒಂದು ಮಾತು ಹೇಳಿದಳು. ಬೇಗ ಇಳಿದ ಮೈ ನಡುವೆ ಒಮ್ಮೆ ನಿಲ್ಲುವುದು ಎಲ್ಲರಿಗೂ ಇದ್ದದ್ದೇ, ಕಾಟಾ ನಿಂತಿತೆಂದು ಒಳಗಿನ ಕೆಲಸ ನಿಂತಿರುವುದಿಲ್ಲ, ಅಂದಳು. ಅದನ್ನು ನಾನು ಸಮಾಧಾನದ ಮಾತು ಎಂದು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಡಬ್ಬಿಯನ್ನು ಮಾತ್ರ ರಾಜಮಾಳ ಮನೆಗೆ ಸಾಗಿಸಿದೆ. ಮೊದಲ ವಾರ ಕೈಗೆ ಕೆಲಸವಿಲ್ಲದೆ ಹುಚ್ಚು ಹಿಡಿದಂತಾಯಿತು. ರಾಜಮಾ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುವವಳು. ಅವಳ ರಾಟೆಯ ಮುಂದೆ ಹೋಗಿ ಕೂತು ನಾನೂ ಸುತ್ತಿದೆ. ಎರಡೂ ಕೈ ನೂಲಿನಲ್ಲಿದ್ದಾಗ ಬಾಯಿ ಅಷ್ಟು ಕೇಳುತ್ತಿರಲಿಲ್ಲ. ಸಂಜೆಯ ನಡಿಗೆಯನ್ನು ಇನ್ನಷ್ಟು ಮುಂದಕ್ಕೆ, ಗುಡ್ಡದ ಮೊದಲ ಮೆಟ್ಟಿಲುಗಳವರೆಗೆ ಒಯ್ದೆ.

ಇಷ್ಟೆಲ್ಲ ಮಾಡಿ ಸೋಮವಾರ ಕಾಟಾ ಹತ್ತಿದರೆ ತೊಂಬತ್ತೊಂದು. ಇನ್ನೊಂದು ಸೋಮವಾರ ಹತ್ತಿದರೂ ಅದೇ. ಸಾವಕಾರರು ಈಗ ಕೂಗುವುದನ್ನೂ ಬಿಟ್ಟು, ಪಾಪ, ಮೆಲ್ಲಗೆ ಹೇಳತೊಡಗಿದ್ದರು. ಅದು ಇನ್ನೂ ಚುಚ್ಚಿತು.

ಆಷಾಢದ ಒಂದು ಸೋಮವಾರ ಹಾಗೆ ಕಾಟಾ ಇಳಿದು ಬಸ್ ಸ್ಟ್ಯಾಂಡಿನ ಕಡೆಯಿಂದ ಬಂದೆ. ಜಿಟಿಜಿಟಿ ಮಳೆ, ತಣ್ಣನೆ ಗಾಳಿ, ಬಾಣಲೆಯಿಂದ ಆಗತಾನೆ ತೆಗೆದ ಭಜಿ. ಎರಡು ಕಟ್ಟಿಸಿಕೊಂಡೆ. ಒಂದು ತುಂಡು ಬಾಯಲ್ಲಿಟ್ಟೆ, ಅಗಿದೆ, ನುಂಗಲು ಧೈರ್ಯವಾಗದೆ ಗಟಾರಕ್ಕೆ ಉಗುಳಿದೆ. ತಿನ್ನುವ ಸುಖವೂ ಇಲ್ಲ, ಬಿಟ್ಟ ಸುಖವೂ ಇಲ್ಲ. ಮನೆಗೆ ಬಂದರೆ ನಮ್ಮವರು ಮುಂದಿನ ಖೋಲಿಯಲ್ಲಿ ಕೂತಿದ್ದರು. ಗಂಡನ ಹೆಸರು ಹೇಳಬಾರದು, ಬರೆಯಲು ಅಡ್ಡಿಯಿಲ್ಲ: ಕೊಟ್ರೇಶ. ಪವರ್ ಲೂಮ್ ಶೆಡ್ಡಿನಲ್ಲಿ ಕೆಲಸ. ತೂಕ ಎಷ್ಟಾಯಿತು ಎಂದು ಸಹಜವಾಗಿ ಕೇಳಿದರು ಅಷ್ಟೇ. ನನ್ನ ಪಿತ್ತ ನೆತ್ತಿಗೇರಿತು.

"ಆ ಕುಣಿ ಮುಚ್ಚಿಸಿಬಿಡ್ರಿ," ಎಂದೆ. "ದಿನಾ ಅದರ ಮಾರಿ ನೋಡೂದು ನನ್ನ ಕಡಿಂದ ಆಗೂದಿಲ್ಲ."

ತಿಂಗಳಿಂದ ಹೇಳುತ್ತಿದ್ದರೂ ಬಚ್ಚಲಿಗೆ ಒಂದು ಬಲ್ಬು ಹಾಕದ ಮನುಷ್ಯ. ಈ ಒಂದು ಮಾತನ್ನು ಮಾತ್ರ ಎಷ್ಟು ಚುರುಕಾಗಿ ಕೇಳಿಸಿಕೊಂಡರೆಂದರೆ, ಮರುದಿನ ಬೆಳಿಗ್ಗೆಯೇ ಒಂದು ಟ್ರ್ಯಾಕ್ಟರ್ ಗರಸು ಮಣ್ಣು ಹೇಳಿಬಂದರು. ಮಧ್ಯಾಹ್ನ ಬರುತ್ತದೆ, ಕುಣಿಯಲ್ಲಿದ್ದ ಸಾಮಾನು ತೆಗೆದಿಡು ಎಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇದರಿಂದಲಾದರೂ ಇವಳು ಕೊರಗುವುದು ನಿಲ್ಲಲಿ ಎಂಬಂತಿತ್ತು. ಬೇಡ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಹೇಳಿದವಳು ನಾನೇ. ಹೂಂ ಎಂದೆ. ಅವರು ಟ್ರ್ಯಾಕ್ಟರ್ ಕರೆತರಲು ಹೋದರು.

ಒಬ್ಬಳೇ ಕುಣಿಯ ಮುಂದೆ ನಿಂತು ಅತ್ತುಬಿಟ್ಟೆ. ಅತ್ತೆಯನ್ನು ಮಣ್ಣು ಮಾಡಿದ ದಿನವೂ ಇಷ್ಟು ಅಳು ಬಂದಿರಲಿಲ್ಲ, ಅದನ್ನು ಮುಚ್ಚಿಟ್ಟು ಏನು ಮಾಡಲಿ. ಮಂಡಿಯೂರಿ ಉಳ್ಳಾಗಡ್ಡಿ ಬುಟ್ಟಿ ಎತ್ತಿದೆ, ಫ್ಯಾನು ಎತ್ತಿದೆ. ಕೌದಿ ತಳದಲ್ಲಿತ್ತು, ಕೈಗೆ ಸಿಗಲಿಲ್ಲ. ಅಂಚಿಗೆ ಕೂತೆ, ಕಾಲು ಕೆಳಗೆ ಬಿಟ್ಟೆ, ಬೆರಳಲ್ಲಿ ಕೌದಿ ಸಿಕ್ಕಿಸಿ ಮೇಲಕ್ಕೆಳೆದೆ. ಅದನ್ನು ಪಕ್ಕಕ್ಕೆ ಒಗೆದು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಸುಮ್ಮನೆ ಕೂತಿದ್ದೆ.

ಕೂತಿದ್ದೇನೆ ಎಂಬುದು ಆಮೇಲೆ ತಿಳಿಯಿತು.

ಬೆನ್ನ ಹಿಂದೆ ಗೋಡೆ ಇತ್ತು, ಆದರೆ ಬೆನ್ನಿಗೆ ತಾಗಿರಲಿಲ್ಲ. ಮುಂದೆ ದಿಂಡು ಇತ್ತು. ಬಿಚ್ಚಿದ್ದನ್ನು ನಮ್ಮವರು ಆವತ್ತೇ ಅದರ ಜಾಗದಲ್ಲಿ ಕೂರಿಸಿದ್ದರು. ನನ್ನ ಹೊಟ್ಟೆಗೂ ಅದಕ್ಕೂ ನಡುವೆ ಅಂಗೈ ತೂರಿಸಿ ನೋಡಿದೆ. ಹೋಯಿತು. ಅಂಗೈ ಅಡ್ಡ ತಿರುಗಿಸಿದೆ, ಆಗಲೂ ಹೋಯಿತು. ಗೇಣಿನಷ್ಟು ಇರಲಿಲ್ಲ, ಆದರೆ ಜಾಗ ಇತ್ತು. ಹೆದರಿಕೆಯಿಂದ ಎದ್ದು ನೋಡಿದೆ. ಎದ್ದೆ. ಯಾರೂ ಕೈ ಹಿಡಿಯಲಿಲ್ಲ. ಮತ್ತೆ ಕೂತೆ. ಕಾಲು ಹಲಗೆಯ ಮೇಲಿಟ್ಟು ಎಡಕ್ಕೆ ತುಳಿದೆ, ಬಲಕ್ಕೆ ತುಳಿದೆ. ಐದು ವರ್ಷದ ಧೂಳು ಉದುರಿತು, ಮೇಲಿನ ಹಗ್ಗ ಕಿರ್ ಎಂದಿತು, ಹಲಗೆ ಇಳಿಯಿತು.

ಅದೇ ತೊಂಬತ್ತೊಂದು. ಹಿಂದಿನ ದಿನವಷ್ಟೇ ತೂಗಿಸಿಕೊಂಡು ಬಂದಿದ್ದೆ. ನನಗೆ ನಗು ಬಂತು, ನನ್ನ ದಡ್ಡತನಕ್ಕೆ. ಒಂದೇ ತೂಕದ ನೂಲನ್ನು ಸಡಿಲ ನೇಯ್ದರೆ ಬಟ್ಟೆ ಒಂದಳತೆ, ಬಿಗಿ ನೇಯ್ದರೆ ಇನ್ನೊಂದಳತೆ. ಮೊದಲ ವಾರವೇ ಅತ್ತೆ ಹೇಳಿಕೊಟ್ಟದ್ದು ಇದು. ಸೀರೆಗೆ ಗೊತ್ತಿದ್ದ ಲೆಕ್ಕವನ್ನು ಮೈಗೆ ಹಾಕಲು ಮರೆತು, ಇಷ್ಟು ದಿನ ಕಾಟಾದ ಮೇಲೆ ನಿಂತು ಅತ್ತಿದ್ದೆ. ಶ್ವೇತಾ ಅದನ್ನೇ ಹೇಳಿದ್ದಳು.

ಹೊರಗೆ ಟ್ರ್ಯಾಕ್ಟರ್ ಬಂದು ನಿಂತ ಸದ್ದಾಯಿತು. ನಮ್ಮವರು ಸಲಿಕೆ ಹಿಡಿದು ಒಳಗೆ ಬಂದವರು ಹೊಸ್ತಿಲಲ್ಲೇ ನಿಂತರು. ಸಿಕ್ಕಿಬಿದ್ದಿದ್ದೇನೆ ಎಂದು ಮೊದಲು ಗಾಬರಿಯಾದರು. ಆಮೇಲೆ ನನ್ನ ಮುಖ ನೋಡಿದರು, ದಿಂಡು ನೋಡಿದರು.

"ಹಲಗಿಗೆ ಕಾಲು ಮುಟ್ಟತಾವೇನು?" ಎಂದರು.

"ಮುಟ್ಟತಾವ್ರಿ," ಎಂದೆ.

ಅವರು ಸಲಿಕೆಯನ್ನು ಗೋಡೆಗೆ ಒರಗಿಸಿಟ್ಟು ಹೊರಗೆ ಹೋದರು. ಓಣಿಯ ತಿರುವಿನಲ್ಲಿ ಮಳೆ ನೀರು ನಿಲ್ಲುವ ದೊಡ್ಡ ತಗ್ಗಿದೆ, ಆ ಗರಸನ್ನು ಅಲ್ಲಿ ಸುರುವಿಸಿದರು. ಈಗ ಓಣಿಯವರೆಲ್ಲ ಅದರ ಮೇಲೆ ಓಡಾಡುತ್ತಾರೆ. ಯಾರ ಮನೆಯ ಮಣ್ಣು, ಯಾಕೆ ಬಂತು ಎಂದು ಗೊತ್ತಿರುವುದು ನಮ್ಮಿಬ್ಬರಿಗೆ ಮತ್ತು ರಾಜಮಾಳಿಗೆ. ಸಂಜೆ ಹೊಳೆವ್ವಕ್ಕಾ ಎಂದು ಕೂಗುತ್ತ ಬಂದ ರಾಜಮಾ ನಾನು ಕೂತದ್ದನ್ನು ಕಂಡು ನನಗಿಂತ ಹೆಚ್ಚು ಅತ್ತಳು. ಆ ರಾತ್ರಿ ನಮ್ಮವರು ಬಚ್ಚಲಿಗೆ ಬಲ್ಬನ್ನೂ ಹಾಕಿದರು.

ಚಪಲ ಹೋಗಿದೆಯೇ ಎಂದರೆ ಹೋಗಿಲ್ಲ. ಭಜಿಯ ವಾಸನೆಗೆ ಈಗಲೂ ಬಾಯಲ್ಲಿ ನೀರೂರುತ್ತದೆ, ಹೋಗಲಿ ಬಿಡು ಎಂದು ನಡೆಯುತ್ತೇನೆ. ತೂಕ ಮುಂದೆ ಇಳಿಯಬಹುದು, ಇಳಿಯಲಿಕ್ಕೆ ಇನ್ನಷ್ಟು ಹೊತ್ತು ಹಿಡಿಯಬಹುದು. ಹುಬ್ಬಳ್ಳಿಗೆ ತಪಾಸಣೆಗೆ ಹೋದಾಗ ಅವರೇ ನೋಡಿಕೊಳ್ಳಲಿ.

ಮುಂದಿನ ಸೋಮವಾರ ಪೇಟೆಗೆ ಹೋದೆ. ನನ್ನನ್ನು ಕಂಡ ಗುರುಸಂಗಪ್ಪ ಸಾವಕಾರರು ರೂಢಿಯಂತೆ ಕಾಟಾದ ಮೇಲಿದ್ದ ಗಂಟನ್ನು ಕೆಳಗಿಳಿಸಿ ಜಾಗ ಮಾಡಿದರು, ಕನ್ನಡಕ ಏರಿಸಿದರು. ನಾನು ಚಪ್ಪಲಿ ಬಿಡಲಿಲ್ಲ.

"ನನ್ನನ್ನ ಬ್ಯಾಡ್ರಿ ಸಾವಕಾರ್ರ," ಎಂದೆ. "ಒಂದು ಸೀರಿಗೆ ಆಗೂವಷ್ಟು ನೂಲು ತೂಗ್ರಿ."