ಹಡಗಿನಿಂದ ತಂದ ಪದ

ಆ ದಿನ ಫೋನಿನಲ್ಲಿ ಮಗ ಕೇಳಿಸಿಕೊಂಡದ್ದು ಏನನ್ನು? ತಾನು ಹೇಳಿದ್ದನ್ನೋ, ಪದದೊಳಗೆ ಇದ್ದದ್ದನ್ನೋ? ಕಾರು ಲಾರೆನ್ಸ್‌ವಿಲ್ ದಾಟಿದ್ದೂ ಪುಂಡಲೀಕರಿಗೆ ತಿಳಿಯಲಿಲ್ಲ. ಅವರನ್ನು ಊರಿಗೆ ಕಳಿಸಲು ಮಗ ಪ್ರತೀಕ್ ಅಟ್ಲಾಂಟಾ ಏರ್‌ಪೋರ್ಟಿಗೆ ಹೊರಟಿದ್ದ.

ಪುಂಡಲೀಕರು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವರು. ಮೀನುಸಾರು ಹದವಾಗಿ ಬಂದ ದಿನ ಇಂಗ್ಲೆಂಡಿನ ಎಂಜಿನಿಯರ್ ಬೆನ್ನು ತಟ್ಟಿ, “ಗುಡ್ ಬಗ್ಗರ್” ಎನ್ನುತ್ತಿದ್ದ. ರಜೆಯಲ್ಲಿ ಮಂಗಳೂರಿಗೆ ಬಂದಾಗ ಬಿಸ್ಕತ್ತಿನ ಡಬ್ಬಿಗಳ ಜೊತೆ ಆ ಪದವೂ ಮನೆಗೆ ಬಂತು. ಮಗನನ್ನು ಎತ್ತಿಕೊಂಡರೂ ಬಗ್ಗರ್, ಗದರಿದರೂ ಬಗ್ಗರ್. ಕಳೆದ ವರ್ಷ ಪ್ರತೀಕ್ ಫೋನ್ ಮಾಡಿ, ತಾನು ಮದುವೆಯಾಗುವ ಹುಡುಗಿ ಎಲ್ಲೂ ಇಲ್ಲ, ಮಾರ್ಕಸ್ ಎಂಬವನ ಜೊತೆ ಬಾಳುತ್ತಿದ್ದೇನೆ ಎಂದಾಗ, “ಆಯ್ತು ಬಗ್ಗರ್” ಎಂದು ಫೋನಿಟ್ಟಿದ್ದರು.

ಮೊನ್ನೆ ಭಾನುವಾರ ಮಗನ ಮನೆಯಲ್ಲಿ ಪುಂಡಲೀಕರಿಂದ ಕಲಿತು ಮಾರ್ಕಸ್ ಮೀನುಸಾರು ಮಾಡಿದ. ಪುಂಡಲೀಕರು ಚಮಚ ಚೀಪಿ, “ಗುಡ್ ಬಗ್ಗರ್” ಎಂದರು. ಶಾಲೆಯಲ್ಲಿ ಚರಿತ್ರೆ ಕಲಿಸುವ ಮಾರ್ಕಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಅಂಕಲ್, ಆ ಪದ ಎಲ್ಲಿಂದ ಬಂತು ಗೊತ್ತಾ? ಬಲ್ಗೇರಿಯಾದಿಂದ. ಅಲ್ಲಿನ ಕೆಲವರು ಚರ್ಚಿಗೆ ವಿರುದ್ಧವಾಗಿದ್ದರು. ಅಂಥವರಿಗೆ ಆ ದೇಶದ ಹೆಸರೇ ಬೈಗುಳವಾಯಿತು. ಧರ್ಮ ಬಿಟ್ಟವರು ಏನು ಮಾಡಲಿಕ್ಕೂ ಹೇಸುವುದಿಲ್ಲ ಎಂದು, ಆಮೇಲೆ ಗಂಡಸಿನ ಜೊತೆ ಮಲಗುವ ಗಂಡಸಿಗೂ ಅದನ್ನೇ ಅಂಟಿಸಿದರು. ನನ್ನಂಥವನಿಗೆ.”

ಪ್ರತೀಕ್ ಸಿಂಕಿನ ಕಡೆ ತಿರುಗಿದ್ದ. “ಸಾಕು ಮಾರ್ಕಸ್. ಅಪ್ಪನಿಗೆ ಗೊತ್ತಿರಲಿಲ್ಲ.”

ಅಪ್ಪನಿಗೆ. ಹಾಗಾದರೆ ಇವನಿಗೆ ಗೊತ್ತಿತ್ತು.

ಕಾರು ಸಿಗ್ನಲಿನಲ್ಲಿ ನಿಂತಿತು.

“ಎಂತ ಅಪ್ಪ, ಮೊನ್ನೆಯಿಂದ ಬಗ್ಗರ್ ಕಾಣೆ? ಬರೀ ಪ್ರತೀಕ್, ಪ್ರತೀಕ್.”

“ಅದೇ ಅಲ್ವಾ ನಿನ್ನ ಹೆಸರು?”

“ಹಾಗೆ ಕರೆಯುವವರು ಆಫೀಸಿನಲ್ಲಿ ಬೇಕಾದಷ್ಟು ಜನ ಇದ್ದಾರೆ ಮಾರಾಯ್ರೆ.”

ಪುಂಡಲೀಕರು ಕಿಟಕಿಯ ಕಡೆ ನೋಡಿದರು. ಹಸಿರು ದೀಪ ಬಿತ್ತು. ಹಿಂದಿನವನು ಹಾರ್ನ್ ಮಾಡಿದ ಮೇಲೆಯೇ ಪ್ರತೀಕ್ ಕಾರು ಬಿಟ್ಟದ್ದು.

ಏರ್‌ಪೋರ್ಟಿನಲ್ಲಿ ಮಗ ಸೂಟ್‌ಕೇಸ್ ಇಳಿಸಿ ಕೊಟ್ಟ. ಮಾರ್ಕಸ್ ಕಟ್ಟಿಕೊಟ್ಟ ಬುತ್ತಿ ಅವರ ಕೈಯಲ್ಲಿ ಇನ್ನೂ ಬೆಚ್ಚಗಿತ್ತು. ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮಗನ ಮಡಚಿಹೋದ ಕಾಲರನ್ನು ಸರಿ ಮಾಡಿದರು. ಪ್ರತೀಕ್ ಕಾದು ನಿಂತ.

“ಊಟ ಸರಿಯಾಗಿ ಮಾಡಿ, ಇಬ್ಬರೂ,” ಎಂದರು.

ಅಂದು ಫೋನಿನಲ್ಲಿ ಹೇಳಿದ್ದು ಬೈಗುಳವಲ್ಲ ಎಂದು ಮಾತ್ರ ಪುಂಡಲೀಕರು ಹೇಳಲಿಲ್ಲ.