ಓದಿನ ಮುಯ್ಯಿ

ಮುಯ್ಯಿ ಹಾಕುವುದರಲ್ಲಿ ಅನಸೂಯಮ್ಮನಿಗೆ ಇದ್ದ ಉಮೇದು ಮಲ್ಲಿಪಟ್ಟಣ ಹೋಬಳಿಯಲ್ಲಿ ಇನ್ನಾರಿಗೂ ಇರಲಿಲ್ಲ. ಯಾರ ಮನೆ ಮದುವೆಯೇ ಆಗಲಿ, ಧಾರೆ ಮುಗಿದು ಮುಯ್ಯಿ ಬರೆಯುವವನು ಚಾಪೆ ಹಾಸುವಷ್ಟರಲ್ಲಿ ಈಕೆ ಸೆರಗಿನ ಗಂಟು ಬಿಚ್ಚಿಕೊಂಡು ಅವನೆದುರು ಕೂತಿರುತ್ತಿದ್ದಳು. ಮುಯ್ಯಿಯ ಲೆಕ್ಕ ಇಷ್ಟೇ: ನಾನು ನಿಮ್ಮ ಮನೆಗೆ ನೂರೊಂದು ರೂಪಾಯಿ ಹಾಕಿದರೆ ನಮ್ಮ ಮನೆಯ ಮದುವೆಗೆ ನೀವು ಅದಕ್ಕೆ ಕಡಿಮೆಯಿಲ್ಲದಂತೆ ಹಾಕಬೇಕು. ಹಾಕದಿದ್ದರೆ ಯಾವ ಕೋರ್ಟೂ ಕೇಳುವುದಿಲ್ಲ, ಆದರೆ ಊರ ಹೆಂಗಸರ ಬಾಯಲ್ಲಿ ನಿಮ್ಮ ಮಾನ ಮೂರು ಕಾಸಿಗೆ ಹೋಗುತ್ತದೆ. ಇರುವುದು ಒಬ್ಬಳೇ ಮಗಳು, ಹಾಕಿದ್ದು ಮಾತ್ರ ಊರೂರ ಮದುವೆಗಳಿಗೆ. ಗಂಡ ರಾಮಣ್ಣ ಗೊಣಗಿದರೆ, “ನಮ್ ಏಮನ್ ಮದ್ವೇಲಿ ಎಲ್ಲಾ ವಾಪಸ್ ಬತ್ತದೆ, ಸುಮ್ಕಿರಿ” ಎನ್ನುತ್ತಿದ್ದಳು.

ಏಮ ಎಂದರೆ ಹೇಮಾವತಿ. ಎರಡು ಸಾವಿರದ ಮೂರನೇ ಇಸವಿಯಲ್ಲಿ ಅವಳು ಹಾಸನದಲ್ಲಿ ಅರ್ಥಶಾಸ್ತ್ರ ಓದಿ ಬಿ.ಎ. ಮುಗಿಸಿದಳು. ಮುಗಿಸಿದವಳು ಸುಮ್ಮನೆ ಮನೆಗೆ ಬರಲಿಲ್ಲ, ಪುಣೆಯಲ್ಲೊಂದು ಎಂ.ಎ. ಸೀಟು ಗಿಟ್ಟಿಸಿಕೊಂಡೇ ಬಂದಳು. ಫೀಸು, ಹಾಸ್ಟೆಲ್ಲು, ಊಟ ಎಲ್ಲ ಸೇರಿ ಎರಡು ವರ್ಷಕ್ಕೆ ಒಂದು ಲಕ್ಷದ ಅರವತ್ತು ಸಾವಿರ. ಜುಲೈ ಕೊನೆಯೊಳಗೆ ಮೊದಲ ಫೀಸು ಕಟ್ಟದಿದ್ದರೆ ಸೀಟು ಬೇರೆಯವರ ಪಾಲು.

ರಾಮಣ್ಣ ಬಡವನಲ್ಲ. ಅರಕಲಗೂಡು ರಸ್ತೆಯಲ್ಲಿ ಅವನದೊಂದು ಹಿಟ್ಟಿನ ಗಿರಣಿ ಇತ್ತು. ಆದರೆ ಸಾಲ ಎಂಬ ಮಾತು ಕಿವಿಗೆ ಬಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಆದರೂ ಮಗಳ ಮೇಲಿನ ಮಮತೆಗೆ ಇಸ್ತ್ರಿ ಅಂಗಿ ತೊಟ್ಟು ಬ್ಯಾಂಕಿಗೆ ಹೋದ. ಮ್ಯಾನೇಜರು ಒಳ್ಳೆಯವರೇ. “ಎಂಜಿನಿಯರಿಂಗಾ, ಮೆಡಿಕಲ್ಲಾ?” ಎಂದು ಕೇಳಿದರು.

“ಎಕನಾಮಿಕ್ಸು ಸಾ.”

ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. “ನೋಡಿ ರಾಮಣ್ಣ, ಎಂಜಿನಿಯರಾದರೆ ಇಷ್ಟು ಸಂಬಳ ಅಂತ ನಾನು ಮೇಲಿನವರಿಗೆ ಬರೆಯಬಹುದು. ಇದಕ್ಕೆ ಏನು ಬರೆಯಲಿ? ಒಂದು ಲಕ್ಷಕ್ಕೆ ನಾನು ಹೊಣೆ, ಅದರ ಮೇಲೆ ಒಂದು ರೂಪಾಯಿಯೂ ಆಗೋದಿಲ್ಲ.”

ಅವತ್ತು ಸಂಜೆ ರಾಮಣ್ಣ ಮಗಳನ್ನು ಎದುರಿಗೆ ಕೂರಿಸಿಕೊಂಡ. ಅನಸೂಯಮ್ಮ ಪಕ್ಕದಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಕೈ ಮೊರದಲ್ಲಿ, ಕಿವಿ ಇತ್ತ.

“ಸುಳ್ ಯೋಳ್ಬ್ಯಾಡ ಕಣವ್ವ. ಓದ್ ಮುಗುದ್ಮೇಲೆ ಏನ್ ಸಂಬ್ಳ ಬತ್ತದೆ?”

ಹೇಮಾ ಸುಳ್ಳು ಹೇಳಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಇಪ್ಪತ್ತು ಸಾವಿರ ಎಂದು ಬಿಟ್ಟುಬಿಡುತ್ತಿದ್ದೆ. “ಶುರೂಲಿ ಎಂಟು ಸಾವ್ರ ಬರ್ಬೌದು ಅಪ್ಪಾಜಿ. ಪೂರ್ತಿ ಸಾಲ ಆದ್ರೆ ಐದು ವರ್ಷ ತಿಂಗ್ಳಿಗೆ ಮೂರೂವರೆ ಸಾವ್ರ ಕಂತು. ಬ್ಯಾಂಕಿನ ಒಂದ್ ಲಕ್ಷ ಮಾತ್ರ ಆದ್ರೆ ಎರಡು ಸಾವ್ರದ ಇನ್ನೂರು.”

“ಮಿಕ್ಕಿದ್ ಅರವತ್ತು ಸಾವ್ರಕ್ಕೆ ಕೈಸಾಲ ತಂದ್ರೆ ತಿಂಗ್ಳಿಗೆ ನೂರಕ್ಕೆ ಮೂರ್ ರೂಪಾಯಿ ಬಡ್ಡಿ. ಅರ್ಧ ಸಂಬ್ಳ ಸಾಲಕ್ಕೇ ಒಂಟೋದ್ರೆ ಪರ್‌ಸ್ಥಳ್ದಲ್ಲಿ ನೀನ್ ತಿನ್ನಾದೇನು? ಸಾಲ ಒತ್ಕಂಡ್ ಕೂತಿರೋ ಎಣ್ಣ ಯಾವನ್ ಕೇಳ್ಕಂಡ್ ಬತ್ತಾನೆ? ಬಿ.ಎಡ್ ಮಾಡು. ಮೂವತ್ತು ಸಾವ್ರದಲ್ಲಿ ಮುಗೀತದೆ.”

ಹೇಮಾ ಅತ್ತಿದ್ದರೆ, ಹಟ ಮಾಡಿದ್ದರೆ, ಬಾಗಿಲು ಹಾಕಿಕೊಂಡಿದ್ದರೆ ಅನಸೂಯಮ್ಮ ನಾಲ್ಕು ಬೈದು ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಹುಡುಗಿ ಅಪ್ಪ ಹೇಳಿದ್ದನ್ನು ಮನಸ್ಸಿನಲ್ಲೇ ಕೂಡಿ ಕಳೆದು, “ನಿಮ್ ಲೆಕ್ಕ ಸರಿ ಅಪ್ಪಾಜಿ” ಎಂದು ಎದ್ದು ದನಕ್ಕೆ ನೀರಿಡಲು ಹೋದಳು. ಆ ಮಾತನ್ನು ತಾಯಿಗೆ ತಡೆಯಲಾಗಲಿಲ್ಲ. ಅವಳು ಮೊರ ಕೆಳಗಿಟ್ಟಳು.

“ಬಡ್ಡಿ ಇಲ್ದಿರೋ ಅರವತ್ತು ಸಾವ್ರ ಸಿಕ್ಬುಟ್ರೆ ಬ್ಯಾಂಕಿಗೆ ಸೈನ್ ಆಕ್ತೀರಾ?”

“ಯಾವ್ ಪುಣ್ಯಾತ್ಮ ಕೊಡ್ತಾನೆ?”

“ನನ್ ಮುಯ್ಯಿ ಕೇಳ್ತೀನಿ.”

ರಾಮಣ್ಣ ನಕ್ಕ. ಹೆಂಡತಿ ನಗದಿರುವುದನ್ನು ಕಂಡು ನಿಲ್ಲಿಸಿದ. “ಗಂಡಿಲ್ಲ, ಮದ್ವೆ ಇಲ್ಲ, ಮುಯ್ಯಿ ಎಲ್ಲಿಂದ ತರ್ತೀಯೇ? ಅದೂ ಆಷಾಢದಲ್ಲಿ!”

“ಓದಕ್ಕೆ ಆಷಾಢ ಇಲ್ಲ. ಶಾಮಿಯಾನನೂ ಕಮ್ಮಿ ಬಾಡಿಗೆಗೆ ಸಿಕ್ತದೆ.”

“ಮುಯ್ಯಿ ಕೇಳಾದು ಒಂದೇ ಸಲ ಕಣೆ. ಈಗ ಕೇಳ್ಬುಟ್ರೆ ಅವ್ಳ ಮದ್ವೇಗೆ ಯಾರೂ ಒಂದ್ ಕಾಸೂ ಆಕಾಕಿಲ್ಲ.”

“ಗೊತ್ತು” ಎಂದಳು ಅನಸೂಯಮ್ಮ. ತಾಳಿ ಕಟ್ಟಿಸಿಕೊಂಡಾಗಿನಿಂದ ಒಂದೊಂದೇ ಗಂಟು ಬಿಚ್ಚಿ ಹಾಕಿದ್ದೆಲ್ಲ ಮಗಳ ಮದುವೆಯ ಚಪ್ಪರ ನೆನೆದೇ. ಅದನ್ನು ಪುಣೆಯ ಹಾಸ್ಟೆಲ್ಲಿಗೆ ಸುರಿದು, ನಾಳೆ ಎಂಟು ಸಾವಿರವೂ ಬಾರದೆ ಹೋದರೆ? ಅತ್ತ ಸಂಬಳವೂ ಇಲ್ಲ, ಇತ್ತ ಮದುವೆಯೂ ಇಲ್ಲ. ಆದರೂ ಮಾರನೆಯ ಬೆಳಿಗ್ಗೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಕರೆಯಲು ಹೊರಟಳು.

ಜನ ಬಂದರು. ಬರದೆ ಏನು, ಗಂಡಿಲ್ಲದ ಬೀಗರೂಟ ಹೇಗಿರುತ್ತದೆ ಎಂದು ನೋಡಬೇಡವೇ? ಭಾನುವಾರ ರಾಮಣ್ಣನ ಕಣದಲ್ಲಿ ಮುದ್ದೆಯೂ ಕುರಿ ಸಾರೂ ಹಬೆಯಾಡಿತು. ಮುಯ್ಯಿ ಬರೆದುಕೊಂಡು ಮೈಕಿನಲ್ಲಿ ಕೂಗುವ ಕೆಂಪಣ್ಣ ಚಾಪೆ ಹಾಸಿ ಕೂತು, “ವಧುವಿಗೆ ಅಂತ ಕೂಗಂಗಿಲ್ವಲ್ಲ, ಏನಂತ ಕೂಗ್ಲವ್ವಾ?” ಎಂದು ಕೇಳಿದ.

“ಓದಿನ್ ಮುಯ್ಯಿ ಅನ್ನು.”

ಉಂಡರು, ಕೈ ತೊಳೆದರು, ಎಲೆಅಡಿಕೆ ಹಾಕಿಕೊಂಡರು. ಚಾಪೆಯ ಹತ್ತಿರ ಮಾತ್ರ ಒಬ್ಬರೂ ಸುಳಿಯಲಿಲ್ಲ. ಎಲ್ಲರ ಕಣ್ಣೂ ಪಾಲಾಕ್ಷನ ಮೇಲೆ. ಪಾಲಾಕ್ಷ ರಾಮಣ್ಣನ ದೊಡ್ಡಪ್ಪನ ಮಗ, ವಂಶಕ್ಕೆ ಹಿರಿಯ, ಮೂರು ಹೆಣ್ಣುಮಕ್ಕಳ ಮದುವೆ ಮಾಡಿದವನು. ಎಲ್ಲರಿಗಿಂತ ಹೆಚ್ಚು ಮುಯ್ಯಿ ತೀರಿಸಬೇಕಾದವನೂ ಅವನೇ. ಅವನು ಹಲ್ಲಿಗೆ ಕಡ್ಡಿ ಹಾಕುತ್ತ, “ಊಟ ಬೋ ಸಂದಾಗಿತ್ತು ಕಣಮ್ಮ. ಮುಯ್ಯಿ ಏಮನ್ ಧಾರೆ ದಿನ ಆಕ್ತೀವಿ. ರಿವಾಜು ಅಂತ ಒಂದೈತಲ್ಲ” ಎಂದ. ಹಿಂದಿದ್ದವರು ತಲೆಯಾಡಿಸಿದರು. ಇಬ್ಬರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ರಾಮಣ್ಣ ತಲೆ ತಗ್ಗಿಸಿ ನಿಂತ. ಹೇಮಾ ಬಾಗಿಲ ಹಿಂದೆ ಸರಿದಳು. ಅನಸೂಯಮ್ಮ ಮಾತ್ರ ನೇರ ಚಾಪೆಯ ಹತ್ತಿರ ಹೋದಳು. ಕೆಂಪಣ್ಣನ ಕೈಯಿಂದ ಮೈಕು ಕಿತ್ತುಕೊಂಡಳು.

“ಭಾವ, ಧಾರೆ ದಿನ ನೀವು ಆಕುದ್ರೂ ನಾನ್ ಮುಟ್ಟಾಕಿಲ್ಲ. ನನ್ ಮಗಳ್ ಮದ್ವೇಲಿ ಮುಯ್ಯಿ ಚಾಪೆ ಆಸಾಕಿಲ್ಲ, ಇದು ನನ್ ಆಣೆ. ಕೇಳಾದು ಇವತ್ತು, ಒಂದೇ ಸಲ. ಓದುದ್ರೆ ಇವ್ಳಿಗೆ ಎಂಟು ಸಾವ್ರ ಬತ್ತದೆ ಅಂತವ್ಳೆ. ಬತ್ತದೋ ಬರಾಕಿಲ್ವೋ, ನಂಗ್ ಗೊತ್ತಿಲ್ಲ. ಗೊತ್ತಿದ್ದೇ ಗಂಡ್ ನೋಡ್ತೀವಾ? ಮದ್ವೆ ಮಾಡಾವಾಗ ನಂಬ್ಕಂಡ್ ದುಡ್ ಆಕ್ತೀವಲ್ಲ, ಅಂಗೇ ಓದ್ಗೂ ನಂಬಿ ಆಕಿ. ಇನ್ನೊಂದ್ ಮಾತು. ಇವತ್ತಿನಿಂದ ಈ ಓಬಳೀಲಿ ಯಾರ್ ಮನೆ ಎಣ್ಮಗು ಓದಕ್ ಒಂಟ್ರೂ ಮೊದ್ಲ ಮುಯ್ಯಿ ನಂದು. ನಗೋರು ನಗ್ಲಿ, ಮಕ್ಳಿರೋರು ಯೋಚ್ನೆ ಮಾಡಿ.”

ಹೆಂಗಸರ ಸಾಲಿನಿಂದ ಶಿವಗಂಗಮ್ಮ ಎದ್ದು ಬಂದಳು. ಗಂಡ ಸತ್ತ ಹೆಂಗಸು, ಬೇರೆಯವರ ಹೊಲದಲ್ಲಿ ಆಲೂಗೆಡ್ಡೆ ಕೀಳುವ ಕೂಲಿ. ಅವಳು ಐವತ್ತೊಂದು ರೂಪಾಯಿ ಚಾಪೆಯ ಮೇಲಿಟ್ಟಳು.

ಅನಸೂಯಮ್ಮ ಗಾಬರಿಯಾದಳು. “ನಿಮ್ಮನೇಲಿ ನಾನು ಯಾವತ್ತೂ ಮುಯ್ಯೀನೇ ಆಕಿಲ್ವಲ್ಲೇ. ನೀನ್ ನಂಗೆ ಏನೂ ಕೊಡಂಗಿಲ್ಲ.”

“ನಮ್ಮನೇಲೂ ಒಂದ್ ಎಣ್ಮಗು ಐತೆ ಕಣಕ್ಕ. ಒಂಬತ್ನೇ ಕ್ಲಾಸು” ಎಂದಳು ಶಿವಗಂಗಮ್ಮ.

ಅಷ್ಟರಲ್ಲಿ ಪಾಲಾಕ್ಷನ ಹೆಂಡತಿ ನಂಜಮ್ಮ ಗಂಡನ ಜೇಬಿಗೇ ಕೈ ಹಾಕಿದಳು. “ಮೂರು ಮದ್ವೇಲೂ ಮೊದ್ಲು ಬಂದು ಕುಂತೋಳು ಇವ್ಳು. ಆಗ ರಿವಾಜು ಅಂದ್ರಾ? ತೆಗೀರಿ!” ಊರೆಲ್ಲ ಘೊಳ್ಳೆಂದಿತು. ಪಾಲಾಕ್ಷನೂ ಕೊನೆಗೆ ನಕ್ಕುಬಿಟ್ಟ. ದೊಡ್ಡ ಮನುಷ್ಯ, ಕೊಡಲು ಕೂತ ಮೇಲೆ ಕೈ ಹಿಡಿಯುವವನಲ್ಲ. “ಬರ್ಕಳ್ಳಾ ಕೆಂಪ, ಐದು ಸಾವ್ರದ ಒಂದು” ಎಂದ. ಕೆಂಪಣ್ಣ ಮೈಕು ಕಿತ್ತುಹೋಗುವ ಹಾಗೆ ಕೂಗಿದ. ಮುಂದೆ ಚಾಪೆ ಕಾಣದ ಹಾಗೆ ಜನ ಮುತ್ತಿದರು. ತೀರಿಸಬೇಕಾದವರೂ ಬಂದರು, ತೀರಿಸಬೇಕಿಲ್ಲದವರೂ ಬಂದರು. ಬಾಗಿಲ ಹಿಂದಿದ್ದ ಹೇಮಾಳ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು.

ಊಟದ ಖರ್ಚು ಕಳೆದು ಉಳಿದದ್ದು ಅರವತ್ತೆರಡು ಸಾವಿರ. ಪಾತ್ರೆ ತೊಳೆದು ಜನ ಚದುರಿದ ಮೇಲೆ ರಾಮಣ್ಣನಿಗೆ ಹೊಸ ಚಿಂತೆ ಹತ್ತಿತು. “ನಾವ್ ಆಕ್ದಿರೋ ಮನೆಯೋರೂ ಆಕವ್ರಲ್ಲೇ. ಇವೆಲ್ಲ ಈಗ ನಮ್ ಮೇಲೆ ಸಾಲ ಆದಂಗಲ್ವಾ?”

“ಸಾಲವೇ. ತೀರಿಸ್ಬೇಕು ಅಂದ್ರೆ ಅವ್ರ್ ಎಣ್ಮಕ್ಳು ಓದಕ್ ಓಗ್ಬೇಕು” ಎಂದಳು ಹೇಮಾ. “ಅಪ್ಪಾಜಿ, ಇಂಥಾ ಸಾಲ ಎಷ್ಟಿದ್ರೂ ಇರ್ಲಿ.”

ಸೋಮವಾರ ರಾಮಣ್ಣ ಬ್ಯಾಂಕಿನಲ್ಲಿ ಸಹಿ ಹಾಕಿದ. ಎರಡು ವರ್ಷದ ನಂತರ ಹೇಮಾಳಿಗೆ ಮುಂಬಯಿಯ ಒಂದು ಸಮೀಕ್ಷೆ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಸಂಬಳ ಎಂಟಲ್ಲ, ಒಂಬತ್ತೂವರೆ ಸಾವಿರ. ಸಾಲವೆಂದರೆ ಊಟ ಬಿಡುತ್ತಿದ್ದ ಮನುಷ್ಯ ಗಿರಣಿಗೆ ಬಂದವರಿಗೆಲ್ಲ, “ಕಂತು ಕಳುದ್ರೂ ಏಳು ಸಾವ್ರದ ಮುನ್ನೂರು ಉಳೀತದೆ ಕಣ್ರಯ್ಯಾ” ಎಂದು ಕೇಳದಿದ್ದರೂ ಹೇಳಿ, ಹಿಟ್ಟು ಬೀಸುವುದನ್ನೇ ಮರೆಯುತ್ತಿದ್ದ.

ಇನ್ನೂ ಎರಡು ವರ್ಷಕ್ಕೆ ಶಿವಗಂಗಮ್ಮನ ಮಗಳಿಗೆ ಹಾಸನದಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಓದಿನ ಮುಯ್ಯಿಯ ದಿನ ಅವಳ ಗುಡಿಸಲ ಮುಂದೆ ಚಪ್ಪರದ ಗಳ ನೆಡುವುದಕ್ಕೂ ಮೊದಲೇ ಅನಸೂಯಮ್ಮ ಹೋಗಿ ಕೂತಿದ್ದಳು. ಶಿವಗಂಗಮ್ಮ ನಕ್ಕು, “ಇನ್ನೂ ಒಲೆನೇ ಅಚ್ಚಿಲ್ಲ ಕಣಕ್ಕ, ಅದೇನ್ ಅವಸ್ರ?” ಎಂದಳು.

“ನಾಕು ವರ್ಸ ಕಾದಿವ್ನಿ ಕಣೇ, ಈ ಸಾಲ ತೀರ್ಸಕ್ಕೆ” ಎಂದು ಅನಸೂಯಮ್ಮ ಐದು ನೂರರ ಎರಡು ನೋಟು ಹುಡುಗಿಯ ಕೈಗಿಟ್ಟಳು.