ಎರಡು ಸೈಜ್ ದೊಡ್ಡ ಸ್ಕರ್ಟ್

ಮೊಬೈಲಿಗೆ ಬಂದ ಬಿಲ್ಲಿನ ಫೋಟೊ ನೋಡಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. ಶಾಲೆಯ ಸ್ಕರ್ಟ್ ಒಂದು, ಅಂಗಡಿಯ ಮೊಹರು, ಕೆಳಗೆ ನನ್ನ ಮಾಜಿ ಗಂಡನ ಒಂದೇ ಸಾಲು: 'ನಿನ್ನ ಪಾಲು ಅರ್ಧ.' ಹೇಗಿದ್ದೀಯಾ ಎಂಬ ಮಾತಿಲ್ಲ, ಮಗಳು ಹೀಗಿದ್ದಾಳೆ ಎಂಬ ಸುದ್ದಿಯಿಲ್ಲ. ಅದಾದರೂ ಹಾಳಾಗಿ ಹೋಗಲಿ. ಬಿಲ್ಲಿನಲ್ಲಿ ಬರೆದಿದ್ದ ಸೈಜ್ ನೋಡಿದೆ. ನಮ್ಮ ಗುಬ್ಬಿಗೆ ಬೇಕಾದುದಕ್ಕಿಂತ ಎರಡು ಸೈಜ್ ದೊಡ್ಡದು. ಆ ಸ್ಕರ್ಟಿನೊಳಗೆ ಅವಳಂಥವರು ಇಬ್ಬರು ಆರಾಮವಾಗಿ ನಿಲ್ಲಬಹುದು.

ಗುಬ್ಬಿ ನಮ್ಮ ಒಬ್ಬಳೇ ಮಗಳು, ಏಳನೇ ಕ್ಲಾಸು. ನಾನು ಆಲ್ಟರೇಷನ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಕಂಡವರ ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದ ಕೋಟು ಸಡಿಲ ಮಾಡುವುದು, ಕಿತ್ತುಹೋದ ಜಿಪ್ಪು ಬದಲಿಸುವುದು, ಇದೇ ನನ್ನ ಬದುಕು. ಬೀದಿಯಲ್ಲಿ ಎದುರಾದವರ ಸೊಂಟದ ಅಳತೆಯನ್ನು ಟೇಪು ಹಿಡಿಯದೆ ಹೇಳಬಲ್ಲೆ. ಅಂಥವಳ ಮಗಳಿಗೆ ಗೋಣಿಚೀಲದಂಥ ಸ್ಕರ್ಟ್ ತಂದು, ಅದರಲ್ಲಿ ಅರ್ಧ ಕೊಡು ಎನ್ನುತ್ತಾನಲ್ಲ, ಇವನಿಗೆ ಏನು ಹೇಳುವುದು?

'ಒಂದು ಪೈಸೆಯೂ ಕೊಡಲ್ಲ' ಎಂದು ಉತ್ತರ ಬರೆದು ಮೊಬೈಲನ್ನು ಬಟ್ಟೆಯ ರಾಶಿಯ ಮೇಲೆ ಎಸೆದೆ.

ಮೊದಲು ಗುಬ್ಬಿ ನನ್ನ ಜೊತೆಗೇ ಇದ್ದಳು. ತಿಂಗಳಿಗೊಮ್ಮೆ ಅವನು ಅವಳ ಖರ್ಚಿಗೆ ಹಣ ಹಾಕುತ್ತಿದ್ದ. ಆಮೇಲೆ ನಮ್ಮ ಅಂಗಡಿ ಊರಿನ ಇನ್ನೊಂದು ತುದಿಗೆ ಹೋಯಿತು. ಎರಡು ಬಸ್ ಬದಲಿಸಿ ಮನೆ ಸೇರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಮಗು ಬೀಗ ತೆಗೆದುಕೊಂಡು ಒಬ್ಬಳೇ ಕೂತಿರುತ್ತಿದ್ದಳು. ಅವನ ಮನೆ ಶಾಲೆಯ ಹಿಂದಿನ ಬೀದಿಯಲ್ಲೇ. ಜಡ್ಜ್ ಕೇಳಿದಾಗ ಗುಬ್ಬಿ ನೆಲ ನೋಡುತ್ತಾ, "ಅಪ್ಪನ ಮನೆ ಹತ್ತಿರ" ಎಂದಳು. ಸುಪರ್ದಿ ಅವನ ಪಾಲಾಯಿತು. ಹಣವೂ ದಿಕ್ಕು ಬದಲಿಸಿತು. ಈಗ ತಿಂಗಳು ತಿಂಗಳು ನಾನು ಅವನಿಗೆ ಕೊಡಬೇಕು. ಅದರ ಮೇಲೆ ಶಾಲೆ, ಬಟ್ಟೆ, ಡಾಕ್ಟರು ಎಲ್ಲದರಲ್ಲೂ ಅರ್ಧರ್ಧ. ನ್ಯಾಯ ಸರಿಯಾಗಿಯೇ ಇತ್ತು. ಅದೇ ನನಗೆ ಇನ್ನೂ ಉರಿ.

ನನಗೆ ಅಂತ ಉಳಿದದ್ದು ಶನಿವಾರ. ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಗುಬ್ಬಿ ನನ್ನವಳು, ಭಾನುವಾರ ಸಂಜೆಯವರೆಗೆ. ಆದರೆ ತಿಂಗಳ ಹಣ ಹೊಂದಿಸುವುದು ಹೇಗೆ? ಅಷ್ಟರಲ್ಲಿ ಓನರಮ್ಮ ಒಂದು ಹೋಟೆಲಿನವರ ಕೆಲಸ ಹಿಡಿದಳು. ಬಂದದ್ದು ಮಾಣಿಗಳ ಯೂನಿಫಾರ್ಮಿನ ಗಂಟು ಗಂಟು. ಶನಿವಾರ ಸಂಜೆವರೆಗೆ, ಭಾನುವಾರವೂ ಕೂತರೆ ಡಬಲ್ ಕೂಲಿ ಎಂದಳು. ಕೂತೆ. ಮೂರು ವಾರದಿಂದ ಗುಬ್ಬಿಗೆ ಫೋನಿನಲ್ಲಿ "ಮುಂದಿನ ವಾರ ಬಾರೇ" ಎನ್ನುತ್ತಿದ್ದೆ. "ಸರಿ ಅಮ್ಮ" ಎಂದು ಅವಳು ಫೋನಿಡುತ್ತಿದ್ದಳು. ಮಗಳಿಗೆ ಹಣ ಕೊಡಬೇಕು ಅಂತ ಮಗಳನ್ನೇ ಬಿಟ್ಟು ಕೂತಿದ್ದೆ. ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸುತ್ತಿತ್ತು. ಆದರೆ ಮೊಟಕಿಕೊಳ್ಳಲೂ ಪುರುಸೊತ್ತಿರಲಿಲ್ಲ.

ತಿಂಗಳ ಹಣ ಕಡಿಮೆ ಮಾಡಿ ಎಂದು ಅರ್ಜಿ ಹಾಕಿದ್ದೆ. ಸ್ಕರ್ಟಿನ ಅರ್ಧ ಹಣ ಕೊಡಿಸಿ ಎಂದು ಅವನೂ ಒಂದು ಹಾಕಿದ್ದ. ಸಂಧಾನಕ್ಕೆ ಬನ್ನಿ ಎಂದು ಕೋರ್ಟಿನವರು ಕರೆದರು. ಗೋಡೆಗೆ ಒತ್ತಿಕೊಂಡ ಮೇಜು, ಗಾಳಿಗಿಂತ ಸದ್ದನ್ನೇ ಜಾಸ್ತಿ ಮಾಡುವ ಫ್ಯಾನು, ಒಂದು ಕಾಲು ಗಿಡ್ಡವಾದ ಕುರ್ಚಿ. ಆ ಕುರ್ಚಿ ನನಗೇ ಸಿಕ್ಕಿತು, ಸಿಗದೆ ಇನ್ನೇನು. ಸಂಧಾನದ ಮೇಡಂ ಒಳ್ಳೆಯ ಹೆಂಗಸೇ. ಆದರೆ ಬಾಯಿ ತೆರೆದರೆ "ಮಗುವಿನ ಹಿತ" ಎನ್ನುತ್ತಿದ್ದರು. ನಾವಿಬ್ಬರು ಅಲ್ಲಿಗೆ ಹೋದದ್ದು ಬೆಕ್ಕಿನ ಹಿತಕ್ಕೆ ಎಂಬಂತೆ.

ಎದುರಿಗೆ ಅವನು ಕೂತಿದ್ದ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾನೆ. ಎಲ್ಲರೂ ಮೇಷ್ಟ್ರೇ ಎನ್ನುತ್ತಾರೆ, ನಾನೂ ಮನಸ್ಸಿನಲ್ಲಿ ಹಾಗೇ ಕರೆಯುವುದು. ಅವನ ಕಾರಿನಲ್ಲಿ ಕಲಿಯುವವರ ಕಾಲಡಿಗೊಂದು ಬ್ರೇಕು, ಪಕ್ಕದಲ್ಲಿ ಅವನ ಕಾಲಡಿಗೂ ಒಂದು. ಸಂಸಾರದಲ್ಲೂ ಹಾಗೇ ಕೂತಿದ್ದ. ನಾನು ಎಲ್ಲಿಗೆ ಹೊರಟರೂ ಅವನ ಕಾಲು ಬ್ರೇಕಿನ ಮೇಲೆ.

"ಮೊದಲು ಈ ಬಟ್ಟೆ ವಿಷಯ ಮುಗಿಸೋಣ" ಎಂದರು ಮೇಡಂ. "ಒಂದು ಸ್ಕರ್ಟಿಗೋಸ್ಕರ ಒಂದು ಅರ್ಜಿಯೇ ಬಂದಿದೆ. ಮಗುವಿನ ಹಿತ..."

"ಸ್ಕರ್ಟ್ ಅಲ್ಲ ಮೇಡಂ ಅದು, ಕಿಟಕಿ ಪರದೆ" ಎಂದೆ. ಅಷ್ಟು ಹೊತ್ತು ಹಲ್ಲು ಕಚ್ಚಿಕೊಂಡಿದ್ದದ್ದೆಲ್ಲ ಹೊರಗೆ ಬಂತು. "ಕೇಳಿ ಇವನನ್ನ, ಮಗಳ ಸೊಂಟ ಎಷ್ಟು ಅಂತ. ದಿನಾ ಕಣ್ಣೆದುರಿಗೇ ಇರೋ ಮಗು! ಒಂದೇ ಮನೇಲಿದ್ದು ಅಳತೆ ಗೊತ್ತಿಲ್ಲ. ಬಿಲ್ಲು ಕಳಿಸೋದು ಮಾತ್ರ ಚೆನ್ನಾಗಿ ಗೊತ್ತು. ಇಂಥವನ ಕೈಗೆ ಮಗಳನ್ನ ಕೊಟ್ಟು, ಮೇಲೆ ದುಡ್ಡೂ ಕೊಡಬೇಕಾ ನಾನು?"

ಮೇಷ್ಟ್ರು ಮೇಜಿನ ಮೇಲಿದ್ದ ಬಿಲ್ಲನ್ನು ನೇರ ಮಾಡಿಟ್ಟ. ಅದು ನನ್ನ ಬೆಂಕಿಗೆ ಇನ್ನಷ್ಟು ತುಪ್ಪ ಸುರಿಯಿತು.

"ಹೇಳು, ಬಾಯಲ್ಲಿ ಏನಿದೆ? ಅಂಗಡೀಲಿ ಕಣ್ಣು ಮುಚ್ಚಿಕೊಂಡು ತಗೊಂಡ್ಯಾ?"

"ನಾನು ತಗೊಂಡಿದ್ದಲ್ಲ" ಎಂದ. "ಅವಳೇ ಆರಿಸಿದ್ದು."

"ಮಗು ಆರಿಸಿದ್ರೆ? ದೊಡ್ಡವನು ನೀನು ಹೇಳಬೇಕಿತ್ತು."

"ಹೇಳಿದೆ. ಅಂಗಡಿಯವನೂ ಹೇಳಿದ. ಸರಿಯಾದ ಸೈಜ್ ಕೈಗೇ ಕೊಟ್ಟ. ಜಪ್ಪಯ್ಯ ಅಂದ್ರೂ ಕೇಳಲಿಲ್ಲ. ಇದೇ ಬೇಕು, ಅಮ್ಮ ಸರಿ ಮಾಡ್ತಾಳೆ ಅಂದ್ಲು." ಮೇಜನ್ನು ನೋಡುತ್ತಾ ಹೇಳಿದ. "ಆವತ್ತಿಂದ ಅದನ್ನ ಬ್ಯಾಗಲ್ಲಿ ಮಡಿಚಿಟ್ಟುಕೊಂಡಿದ್ದಾಳೆ. ಪ್ರತಿ ಶನಿವಾರ ಬ್ಯಾಗು ಹೆಗಲಿಗೆ ಹಾಕ್ಕೊಂಡು ಬಾಗಿಲ ಹತ್ರ ಕೂರ್ತಾಳೆ. ನಿನ್ನ ಫೋನು ಬರತ್ತೆ. ಬ್ಯಾಗು ಒಳಗಿಡ್ತಾಳೆ. ಹಳೇ ಸ್ಕರ್ಟ್ ಮಂಡಿ ಮೇಲೆ ಬಂದಿದೆ, ಶಾಲೇಲಿ ಎರಡು ಸಲ ಬೈದ್ರು. ನಮ್ಮ ಬೀದಿ ಟೈಲರ್ ಹತ್ರ ಕೊಡೋಣ ಅಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು."

ಫ್ಯಾನು ಕಿರುಗುಟ್ಟುತ್ತಿತ್ತು. ನನಗೆ ಎದ್ದು ಅದನ್ನು ಕಿತ್ತು ಬಿಸಾಡಬೇಕು ಅನ್ನಿಸಿತು. ಬೈಯಲು ಯಾರೂ ಸಿಗದಿದ್ದಾಗ ಬರುವ ಸಿಟ್ಟು ಬಹಳ ಕೆಟ್ಟದ್ದು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?" ಎಂದೆ.

"ನೀನು ಕೇಳಿದ್ದು ಬಿಲ್ಲು. ಬಿಲ್ಲು ಕಳಿಸಿದೆ."

ಅದೂ ನಿಜವೇ. ಬಿಲ್ಲಿಲ್ಲದ ಮಾತು ಬೇಡ ಎಂದು ಕೋರ್ಟಿನ ಕಾಗದದಲ್ಲಿ ಬರೆಸಿದವಳು ನಾನೇ.

ಮೇಡಂ ಪೆನ್ನು ಕೆಳಗಿಟ್ಟರು. "ಸ್ಕರ್ಟ್ ಇವರ ಕೈಗೆ ತಂದುಕೊಡಿ, ಸರಿ ಮಾಡಿ ಕಳಿಸಲಿ" ಎಂದು ಅವನಿಗೆ ಹೇಳಿದರು.

"ಬರೀ ಸ್ಕರ್ಟ್ ತಗೊಂಡು ನಾನೇನು ಮಾಡಲಿ ಮೇಡಂ?" ಎಂದೆ. "ಮಗು ಉಟ್ಟು ನಿಲ್ಲದೆ ಅಂಚು ಎಲ್ಲಿಗೆ ಮಡಿಚಬೇಕು ಅಂತ ಗೊತ್ತಾಗಲ್ಲ. ಶನಿವಾರ ಅವಳನ್ನ ಕಳಿಸಲಿ."

"ಶನಿವಾರ ಕೆಲಸ ಇದೆ ಅಂದಿದ್ದೆ?" ಎಂದ ಮೇಷ್ಟ್ರು.

"ಆ ಕೆಲಸಕ್ಕೆ ಹೋಗಲ್ಲ."

"ಮತ್ತೆ ತಿಂಗಳ ಹಣ?"

"ಗೊತ್ತಿಲ್ಲ."

ಅವನು ಕತ್ತು ಕೆರೆದುಕೊಂಡ. ಆಮೇಲೆ ಮೇಡಂ ಕಡೆ ತಿರುಗಿ, "ಬಟ್ಟೆ ಎಲ್ಲ ಇವಳೇ ನೋಡ್ಕೊಳ್ಳಲಿ. ತಿಂಗಳ ಹಣದಲ್ಲಿ ಅಷ್ಟು ಕಳೆದುಬಿಡಿ. ನನ್ನ ಅಭ್ಯಂತರ ಇಲ್ಲ" ಎಂದ. ಮದುವೆಯಾದಾಗಿನಿಂದ ಅವನು ಬ್ರೇಕಿನಿಂದ ಕಾಲು ತೆಗೆದದ್ದು ಅದೇ ಮೊದಲು.

ಮೇಡಂ ಮುಖ ಅರಳಿತು. ಬೇಗ ಬೇಗ ಬರೆದುಕೊಂಡರು. ಆದರೆ ಅದಕ್ಕೆ ಜಡ್ಜ್ ಒಪ್ಪಿಗೆ ಬೇಕಂತೆ, ಮುಂದಿನ ತಾರೀಕು ತಿಂಗಳುಗಟ್ಟಲೆ ದೂರವಂತೆ, ಅಲ್ಲಿಯವರೆಗೆ ಹಳೆಯ ಲೆಕ್ಕವೇ ನಡೆಯಬೇಕಂತೆ. ಇಬ್ಬರು ಒಪ್ಪದಿದ್ದರೆ ಒಪ್ಪಿ ಎನ್ನುತ್ತಾರೆ, ಒಪ್ಪಿದರೆ ಕಾಯಿರಿ ಎನ್ನುತ್ತಾರೆ. ಹೊರಗೆ ಬಂದು ಸ್ಕರ್ಟಿನ ಅರ್ಧ ಹಣ ಅಲ್ಲೇ ಅವನ ಕೈಗೆ ಹಾಕಿದೆ.

ಓನರಮ್ಮನಿಗೆ ಶನಿವಾರ ಬರಲ್ಲ ಎಂದೆ. "ದುಡ್ಡು ಬೇಡವಾ ನಿನಗೆ?" ಎಂದು ಕಣ್ಣು ಬಿಟ್ಟಳು. ಬೇಕು, ಬಹಳ ಬೇಕು. ಇರುವ ಒಂದು ಹೊಲಿಗೆ ಮೆಷಿನ್ನನ್ನೇ ಅಡ ಇಡಬೇಕೇನೋ ಎಂದು ಬಸ್ಸಿನ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಮನೆಗೆ ಬಂದೆ.

ಶನಿವಾರ ಗುಬ್ಬಿ ಬಂದಳು. ಚಪ್ಪಲಿ ಬಿಡುವ ಮೊದಲೇ ಬ್ಯಾಗಿನಿಂದ ಸ್ಕರ್ಟ್ ತೆಗೆದು ಹಾಕಿಕೊಂಡು, ಸೊಂಟದ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡು ಸ್ಟೂಲಿನ ಮೇಲೆ ನಿಂತಳು. ಎತ್ತರವಾಗಿದ್ದಳು. ಮೂರು ವಾರದಲ್ಲಿ ಯಾರೂ ಇಷ್ಟು ಎತ್ತರವಾಗುವುದಿಲ್ಲ. ನಾನು ಮೊದಲೇ ನೋಡಿರಲಿಲ್ಲ, ಅಷ್ಟೇ. ನೆಲದ ಮೇಲೆ ಕೂತು ಅಂಚು ಮಡಿಚತೊಡಗಿದೆ.

"ತಿರುಗು. ನಿಧಾನ. ನಿಲ್ಲು."

"ಅಮ್ಮ, ಹೊಲಿಗೆ ಗಟ್ಟಿ ಹಾಕಬೇಡ."

"ಯಾಕೆ?"

"ಬೇಗ ಬಿಚ್ಚಿಹೋಗಲಿ. ಆಮೇಲೆ ಮತ್ತೆ ತರ್ತೀನಿ."

ಇಷ್ಟು ವರ್ಷದಲ್ಲಿ ಕೆಟ್ಟದಾಗಿ ಹೊಲಿ ಎಂದು ಕೇಳಿದ ಗಿರಾಕಿ ಅವಳೊಬ್ಬಳೇ. ನಗು ಬರಬೇಕಿತ್ತು. ಬರಲಿಲ್ಲ, ರೇಗಿತು.

"ನಿನ್ನ ಮನೆಗೆ ನೀನು ಬರೋಕೆ ನೆಪ ಯಾಕೇ ಬೇಕು?" ಎಂದೆ, ಸ್ವಲ್ಪ ಜೋರಾಗಿಯೇ. ಆಮೇಲೆ ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡೆ.

ಗುಬ್ಬಿ ಸ್ಟೂಲಿನ ಮೇಲಿಂದ ಬಗ್ಗಿ ನನ್ನ ನೆತ್ತಿಯನ್ನು ನೋಡುತ್ತಿದ್ದಳು. ಸಿಟ್ಟಿಲ್ಲದೆ, ಗೊತ್ತಿರುವುದನ್ನು ಹೇಳುವ ಹಾಗೆ ಹೇಳಿದಳು:

"ನೆಪ ಬೇಕಾಗಿದ್ದು ನನಗಲ್ಲಮ್ಮ. ನಿನಗೆ."

ಬಾಯಿತುಂಬ ಗುಂಡುಸೂಜಿ ಇತ್ತು. ಒಂದೊಂದಾಗಿ ತೆಗೆದು ಅಂಚಿಗೆ ಚುಚ್ಚುತ್ತಾ ಹೋದೆ.